ಪಾನಕ ಬಲ್ಲ ಊರಿನಲ್ಲಿ ಕಾಕ್ಟೇಲ್ ಕೇಳುವ ಬಗೆ

ಪ್ರಶ್ನೆ: ಬೆಂಗಳೂರಿನಲ್ಲಿ ಎಂಟು ವರ್ಷ ಕೆಲಸ ಮಾಡಿ ಈಗ ಶಿವಮೊಗ್ಗಕ್ಕೆ ಮರಳಿದ್ದೇನೆ. ತಿಂಗಳಿಗೊಮ್ಮೆ ಹೊರಗೆ ಹೋಗಿ, ಒಂದು ಒಳ್ಳೆಯ ಕಾಕ್ಟೇಲ್ ಕುಡಿದು, ಊಟ ಮುಗಿಸಿ ಬರುವುದು ಅಲ್ಲಿ ನಮ್ಮ ರೂಢಿಯಾಗಿತ್ತು. ಕಳೆದ ತಿಂಗಳು ಇಲ್ಲಿನ ಒಂದು ಬಾರಿನಲ್ಲಿ ರಮ್, ನಿಂಬೆ, ಪುದೀನದ ಮೊಹಿಟೊ ಕೇಳಿದೆ. ಬಾಟಲಿಯ ಸಿಹಿ ಸೋಡಾದಲ್ಲಿ ನಾಲ್ಕು ಪುದೀನ ಎಲೆ ತೇಲಿಸಿಕೊಂಡು ಬಂದರು. ಚೆನ್ನಾಗಿ ಮಾಡಿದ ಕಾಕ್ಟೇಲನ್ನು ಗುರುತಿಸುವುದು ಹೇಗೆ? ನಮ್ಮ ಕಡೆಯ ಬಾರುಗಳಲ್ಲಿ ಏನನ್ನು ಕೇಳಿದರೆ ನಿರಾಶೆಯಾಗುವುದಿಲ್ಲ? ನಮ್ಮನೆಯವರು ಕುಡಿಯುವುದಿಲ್ಲ, ಕಾರನ್ನು ಅವರೇ ಓಡಿಸುತ್ತಾರೆ. ಅವರು ಸುಮ್ಮನೆ ಕುಳಿತು ಬೇಸರಪಡಬಾರದೆಂಬುದೂ ನನ್ನ ಆಸೆ.
– ಓದುಗರೊಬ್ಬರು, ವಿನೋಬನಗರ, ಶಿವಮೊಗ್ಗ

ಉತ್ತರ: ಬಾರಿನ ಕೌಂಟರಿನ ಹಿಂದೆ ಹತ್ತೊಂಬತ್ತು ವರ್ಷ ನಿಂತವನಾದ ಕಾರಣ ಆ ಬಾರಿನವರನ್ನು ಪೂರ್ತಿಯಾಗಿ ದೂರಲು ನನಗೆ ಮನಸ್ಸು ಬರುವುದಿಲ್ಲ. ಶನಿವಾರ ರಾತ್ರಿ ಎಂಟೂವರೆಗೆ ಹನ್ನೆರಡು ಟೇಬಲ್ ತುಂಬಿ, ಎಲ್ಲ ಕಡೆಯಿಂದಲೂ ‘ನೈಂಟಿ’, ‘ಕ್ವಾರ್ಟರ್’ ಎಂಬ ಕೂಗು ಏಳುತ್ತಿರುವಾಗ, ಕೌಂಟರಿನಲ್ಲಿರುವ ಒಬ್ಬನೇ ಒಬ್ಬ ಪುದೀನ ಬಿಡಿಸಿ, ನಿಂಬೆಹಣ್ಣು ಹಿಂಡಿ, ಸಕ್ಕರೆ ಪಾಕ ಅಳೆದು ಕೊಡಬೇಕೆಂದರೆ ಅವನು ಹತ್ತಿರವಿರುವ ಬಾಟಲಿಯ ಮುಚ್ಚಳ ತೆಗೆಯುವುದೇ ಹೆಚ್ಚು. ಮೊಹಿಟೊ ನೋಡಲು ಸರಳ, ಮಾಡಲು ತಾಳ್ಮೆಯ ಕೆಲಸ. ಪುದೀನವನ್ನು ಚಟ್ನಿಯಂತೆ ಅರೆದರೆ ಕಹಿಯಾಗುತ್ತದೆ, ಅಂಗೈಯಲ್ಲಿ ತಟ್ಟದೆ ಹಾಗೆಯೇ ಹಾಕಿದರೆ ಪರಿಮಳವೇ ಬಿಡುವುದಿಲ್ಲ. ಹಾಗಾಗಿ ನಿಮ್ಮ ನಿರಾಶೆಯಲ್ಲಿ ಅರ್ಧ ಪಾಲು ಬಾರಿನದಾದರೆ, ಆ ಹೊತ್ತಿಗೆ ಆ ಜಾಗದಲ್ಲಿ ಅದನ್ನು ಕೇಳಿದ್ದರದ್ದು ಇನ್ನರ್ಧ ಎಂದರೆ ತಪ್ಪು ತಿಳಿಯಬೇಡಿ.

ಕಾಕ್ಟೇಲಿನ ಗುಣವನ್ನು ತೀರ್ಮಾನಿಸುವುದು ಮದ್ಯವಲ್ಲ. ಹುಳಿ, ಸಿಹಿ ಮತ್ತು ನೀರು. ದುಬಾರಿ ಬಾಟಲಿ ಸುರಿದು ಹಾಳು ಮಾಡಿದ ಗ್ಲಾಸುಗಳನ್ನೂ, ಸಾಧಾರಣ ರಮ್ಮಿನಿಂದ ಎದ್ದು ಬಂದ ಸೊಗಸಾದ ಗ್ಲಾಸುಗಳನ್ನೂ ನಾನು ಸಾಕಷ್ಟು ನೋಡಿದ್ದೇನೆ. ಈ ಮೂರರ ಹದವನ್ನು ನೀವು ಬೆಂಗಳೂರಿನಲ್ಲಿ ಕಲಿಯಬೇಕಾಗಿರಲಿಲ್ಲ. ರಾಮನವಮಿಯ ಪಾನಕ ಕುಡಿದು ಬೆಳೆದವರಿಗೆ ಅದು ನಾಲಿಗೆಯ ಮೇಲೆಯೇ ಇರುತ್ತದೆ. ಬೆಲ್ಲ ಮುಂದಾಗಿ ನಿಂಬೆ ಹಿಂದುಳಿದರೆ, ಅಥವಾ ನೀರು ಸಾಲದೆ ಗಂಟಲಿಗೆ ಅಂಟಿದರೆ, ಅಡುಗೆಮನೆಯ ಹಿರಿಯರು ಒಂದು ಚಮಚ ಬಾಯಿಗೆ ಹಾಕಿಕೊಂಡ ಕೂಡಲೇ ಹೇಳಿಬಿಡುತ್ತಾರೆ. ಕೊನೆಗೆ ಬರುವ ಏಲಕ್ಕಿ, ಕಾಳುಮೆಣಸು, ಶುಂಠಿಗಳ ಚುರುಕು ಅದರ ಮೇಲಿನ ಮಾತು. ಕಾಕ್ಟೇಲಿನ ಮೊದಲ ಗುಟುಕನ್ನೂ ಇದೇ ನಾಲಿಗೆಯಿಂದ ಪರೀಕ್ಷಿಸಿ: ಮೊದಲು ಹುಳಿಯ ಎಚ್ಚರ, ಅದರ ಬೆನ್ನಿಗೇ ಸಿಹಿ, ನುಂಗಿದ ಮೇಲೆ ಮದ್ಯದ ಬಿಸುಪು ಮತ್ತು ಅದರದೇ ಪರಿಮಳ ಉಳಿಯಬೇಕು. ಬರೀ ಸಿಹಿ ಉಳಿದರೆ ಅದು ಶರಬತ್ತು, ಬರೀ ಉರಿ ಉಳಿದರೆ ಅದು ಎಣ್ಣೆ.

ಈ ಹೋಲಿಕೆಯನ್ನು ನಾನು ಊರಿನ ಅಭಿಮಾನಕ್ಕಾಗಿ ಹೇಳುತ್ತಿಲ್ಲ. ಕಾಕ್ಟೇಲಿಗಿಂತ ಹಳೆಯದಾದ ‘ಪಂಚ್’ ಎಂಬ ಪೇಯವು ಈಸ್ಟ್ ಇಂಡಿಯಾ ಕಂಪನಿಯವರ ಮೂಲಕ ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿಗೆ ಹೋಯಿತು. 1632ರ ಒಂದು ಪತ್ರದಲ್ಲಿ ಅದರ ಹೆಸರು ಸಿಗುತ್ತದೆ. ಮದ್ಯ, ನಿಂಬೆ, ಸಕ್ಕರೆ, ನೀರು, ಮಸಾಲೆ ಎಂಬ ಐದು ಪದಾರ್ಥಗಳಿರುವುದರಿಂದ ನಮ್ಮ ‘ಪಂಚ’ವೇ ಆ ‘ಪಂಚ್’ ಎಂದು ಬಹಳ ಮಂದಿ ಹೇಳುತ್ತಾರೆ, ಒಪ್ಪದ ವಿದ್ವಾಂಸರೂ ಇದ್ದಾರೆ. ‘ಕಾಕ್ಟೇಲ್’ ಎಂದರೇನೆಂದು 1806ರಲ್ಲಿ ಅಮೆರಿಕದ ನ್ಯೂಯಾರ್ಕ್ ಪ್ರಾಂತದ ಪತ್ರಿಕೆಯೊಂದು ಓದುಗರಿಗೆ ಕೊಟ್ಟ ಉತ್ತರವೂ ಹೆಚ್ಚುಕಡಿಮೆ ಪಾನಕದ ಪಟ್ಟಿಯಂತೆಯೇ ಇದೆ: ಮದ್ಯ, ಸಕ್ಕರೆ, ನೀರು ಮತ್ತು ಕಹಿದ್ರವ. ನೀರನ್ನು ಅವರು ಬೇರೆಯಾಗಿಯೇ ಎಣಿಸಿದ್ದರು ಎಂಬುದನ್ನು ದಯವಿಟ್ಟು ಗಮನಿಸಿ, ಏಕೆಂದರೆ ನಮ್ಮ ಬಾರುಗಳಲ್ಲಿ ಅತಿ ಹೆಚ್ಚು ತಪ್ಪು ನಡೆಯುವುದು ನೀರಿನ ವಿಷಯದಲ್ಲಿ, ಅಂದರೆ ಐಸಿನ ವಿಷಯದಲ್ಲಿ.

‘ಐಸ್ ಕಡಿಮೆ ಹಾಕಿ, ನೀರಾಗಿಬಿಡುತ್ತದೆ’ ಎಂದು ಗಿರಾಕಿಗಳು ಹೇಳುವುದನ್ನು ನಾನು ಸಾವಿರ ಸಲ ಕೇಳಿದ್ದೇನೆ. ಗ್ಲಾಸಿನ ತುಂಬ ಐಸ್ ತುಂಬಿ ಮದ್ಯದಲ್ಲಿ ಮೋಸ ಮಾಡುತ್ತಾರೆಂಬ ಅನುಮಾನ ಅದರ ಹಿಂದೆ ಇರುತ್ತದೆ, ಮತ್ತು ಆ ಅನುಮಾನಕ್ಕೆ ಆಧಾರವೇ ಇಲ್ಲವೆಂದು ನಾನು ಪ್ರಮಾಣ ಮಾಡಲಾರೆ. ಆದರೆ ಪರಿಹಾರವು ಎದುರಿಗೆ 30 ಅಥವಾ 60 ಮಿಲಿಲೀಟರ್ ಅಳತೆಯ ಪೆಗ್ ಮೆಷರಿನಲ್ಲಿ ಅಳೆಯಿಸಿಕೊಳ್ಳುವುದೇ ಹೊರತು ಐಸ್ ಕಡಿಮೆ ಮಾಡಿಸುವುದಲ್ಲ. ಐಸ್ ತಣ್ಣಗಿರುವುದರಿಂದ ಪೇಯ ತಣ್ಣಗಾಗುತ್ತದೆ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಹೆಚ್ಚಿನ ತಂಪು ಬರುವುದು ಐಸ್ ಕರಗುವುದರಿಂದ. ಒಂದು ಗ್ರಾಂ ಐಸ್ ಕರಗಲು ಹೀರಿಕೊಳ್ಳುವ ಶಾಖವು, ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿಯವರೆಗೆ ಕಾಯಿಸಲು ಬೇಕಾಗುವಷ್ಟಿದೆ. ಎರಡೇ ತುಂಡು ಹಾಕಿದರೆ ಅವೆರಡೂ ಪೂರ್ತಿ ಕರಗಿಹೋಗಿ, ಪೇಯ ನೀರೂ ಆಗುತ್ತದೆ, ತಣ್ಣಗೂ ಆಗುವುದಿಲ್ಲ. ಗ್ಲಾಸು ತುಂಬ ದೊಡ್ಡ, ಗಟ್ಟಿ ತುಂಡುಗಳಿದ್ದರೆ ಬೇಗ ತಣ್ಣಗಾಗಿ, ಆಮೇಲೆ ಕರಗುವಿಕೆ ನಿಧಾನವಾಗುತ್ತದೆ. ಶೇಕರಿನಲ್ಲಿ ಚೆನ್ನಾಗಿ ಕುಲುಕಿದ ಪೇಯವು ಹತ್ತು ಹದಿನೈದು ಸೆಕೆಂಡುಗಳಲ್ಲಿ ಸೊನ್ನೆಗಿಂತ ಕೆಳಗೆ, ಸುಮಾರು ಮೈನಸ್ 5 ಡಿಗ್ರಿಯವರೆಗೂ ಇಳಿಯುತ್ತದೆ. ಆ ಹೊತ್ತಿಗೆ ಗ್ಲಾಸಿಗೆ ಬೀಳುವ ಪೇಯದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕರಗಿದ ಐಸಿನ ನೀರೇ ಇರುತ್ತದೆ. ಅದು ಮೋಸವಲ್ಲ. ಆ ನೀರಿಲ್ಲದಿದ್ದರೆ ಹುಳಿ ಮತ್ತು ಸಿಹಿಗಳು ಮದ್ಯದೊಡನೆ ಬೆರೆಯದೆ ಬೇರೆ ಬೇರೆಯಾಗಿ ನಾಲಿಗೆಗೆ ಹೊಡೆಯುತ್ತವೆ.

ಆದ್ದರಿಂದ ಬಾರಿಗೆ ಹೋದ ಕೂಡಲೇ ಮೆನುವನ್ನು ತೆರೆಯುವ ಮೊದಲು ಐಸನ್ನು ನೋಡಿ. ಬಕೆಟ್ಟಿನಲ್ಲಿ ಅರ್ಧ ಕರಗಿ ತೇಲುತ್ತಿರುವ ಚೂರುಗಳಾದರೆ ಕಾಕ್ಟೇಲಿನ ಆಸೆ ಬಿಟ್ಟು ಬಿಯರ್ ತರಿಸಿಕೊಳ್ಳುವುದು ಜಾಣತನ. ಮಳೆಗಾಲದಲ್ಲಿ ಇನ್ನೊಂದು ಪ್ರಶ್ನೆಯನ್ನೂ ಸಂಕೋಚವಿಲ್ಲದೆ ಕೇಳಿ: ಐಸ್ ಫಿಲ್ಟರ್ ನೀರಿನದೋ, ಹೊರಗಿನಿಂದ ತರಿಸಿದ್ದೋ? ತುಂಗೆಯಲ್ಲಿ ಕೆಂಪು ನೀರು ಹರಿಯುವ ತಿಂಗಳುಗಳಲ್ಲಿ ಈ ಪ್ರಶ್ನೆ ಕೇಳಿದವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ಐಸಿನ ನಂತರ ನಿಂಬೆ. ಬಾರಿನಲ್ಲಿ ಕತ್ತರಿಸಿದ ನಿಂಬೆಹಣ್ಣು ಕಣ್ಣಿಗೆ ಬೀಳುತ್ತದೆಯೇ ಅಥವಾ ಹಸಿರು ಬಣ್ಣದ ಕಾರ್ಡಿಯಲ್ (ಸಕ್ಕರೆ ಬೆರೆಸಿ ಕೆಡದಂತಿಟ್ಟ ನಿಂಬೆ ರಸ) ಬಾಟಲಿ ಮಾತ್ರವೇ ಎಂಬುದೊಂದೇ ನಿಮ್ಮ ಆ ರಾತ್ರಿಯ ಆಯ್ಕೆಯನ್ನು ತೀರ್ಮಾನಿಸಬಲ್ಲದು. ಬೇಸಿಗೆಯಲ್ಲಿ ನಿಂಬೆಹಣ್ಣಿನ ದರ ಏರಿದಾಗ ಅನೇಕ ಕಡೆ ಕಾರ್ಡಿಯಲ್ಲೇ ಗತಿ. ತಾಜಾ ರಸವಿದ್ದರೆ ‘ಸಾರ್’ ಜಾತಿಯ ಪೇಯಗಳನ್ನು ಕೇಳಿ: ವಿಸ್ಕಿ ಸಾರ್, ರಮ್ಮಿನ ಡೈಕಿರಿ ಇತ್ಯಾದಿ. (ನಮ್ಮ ಊಟದ ಸಾರಿಗೂ ಇದಕ್ಕೂ ಸಂಬಂಧವಿಲ್ಲ, ಇಂಗ್ಲಿಷಿನಲ್ಲಿ ಹುಳಿಗೆ ಆ ಹೆಸರು.) ಅಳತೆಯನ್ನು ನೀವೇ ಹೇಳಿದರೂ ತಪ್ಪಿಲ್ಲ: 60 ಮಿಲಿಲೀಟರ್ ಮದ್ಯ, 20ರಿಂದ 25 ನಿಂಬೆ ರಸ, ಅಷ್ಟೇ ಅಥವಾ ಸ್ವಲ್ಪ ಕಡಿಮೆ ಸಕ್ಕರೆ ಪಾಕ, ಶೇಕರಿನ ತುಂಬ ಐಸ್. ಸಕ್ಕರೆಯನ್ನು ಪಾಕವಾಗಿಯೇ ಹಾಕಬೇಕು. ಹರಳು ಸಕ್ಕರೆ ತಣ್ಣನೆಯ ಮದ್ಯದಲ್ಲಿ ಸರಿಯಾಗಿ ಕರಗುವುದಿಲ್ಲ, ಗ್ಲಾಸಿನ ತಳದಲ್ಲಿ ಮರಳಿನಂತೆ ಕುಳಿತಿರುತ್ತದೆ. ವಿಸ್ಕಿ ಸಾರಿಗೆ ನೊರೆ ಬರಲಿ ಎಂದು ಕೆಲವರು ಹಸಿ ಮೊಟ್ಟೆಯ ಬಿಳಿ ಹಾಕುತ್ತಾರೆ. ತಾಜಾತನದ ಭರವಸೆಯಿಲ್ಲದ ಕಡೆ ಅದು ಬೇಡವೆಂದು ಮೊದಲೇ ಹೇಳಿಬಿಡಿ.

ಕಾರ್ಡಿಯಲ್ ಮಾತ್ರವಿದ್ದರೆ ಮುಖ ಸಿಂಡರಿಸಬೇಡಿ, ಗಿಮ್ಲೆಟ್ ಕೇಳಿ. ಇದನ್ನು ನಾನು ಚಿಕ್ಕ ಊರಿನ ಬಾರುಗಳಿಗೆ ಹೋಗುವ ಎಲ್ಲರಿಗೂ ಹೇಳುತ್ತೇನೆ. ಮದ್ಯವಿಲ್ಲದೆ ನಿಂಬೆ ರಸವನ್ನು ಸಕ್ಕರೆಯಲ್ಲಿ ಕೆಡದಂತಿಡುವ ವಿಧಾನಕ್ಕೆ ಸ್ಕಾಟ್ಲೆಂಡಿನ ಲಾಕ್ಲನ್ ರೋಸ್ 1867ರಲ್ಲಿ ಪೇಟೆಂಟ್ ಪಡೆದ. ಹಡಗಿನವರ ಸ್ಕರ್ವಿ ರೋಗಕ್ಕೆ ನಿಂಬೆ ಬೇಕಾಗಿದ್ದ ಕಾಲವದು. ಆ ಕಾರ್ಡಿಯಲ್ಲಿಗೆ ಜಿನ್ ಸೇರಿಸಿ ಹುಟ್ಟಿದ್ದೇ ಗಿಮ್ಲೆಟ್. ಬೇರೆ ಕಾಕ್ಟೇಲಿನಲ್ಲಿ ಕಾರ್ಡಿಯಲ್ ಹಾಕಿದರೆ ಅದು ಕೊರತೆ. ಗಿಮ್ಲೆಟ್ಟಿನಲ್ಲಿ ಅದೇ ಮೂಲ ಪದಾರ್ಥ. 60 ಮಿಲಿಲೀಟರ್ ಜಿನ್ನಿಗೆ 20 ಕಾರ್ಡಿಯಲ್ ಹಾಕಿ, ಸಾಕಷ್ಟು ಐಸಿನೊಂದಿಗೆ ಕುಲುಕಿ, ಸೋಸಿ ಕೊಟ್ಟರೆ ಸಾಕು. ಶೇಕರ್ ಇಲ್ಲವೆಂದರೆ ಮುಚ್ಚಳ ಗಟ್ಟಿಯಿರುವ ಸ್ಟೀಲ್ ಡಬ್ಬಿಯೂ ನಡೆಯುತ್ತದೆ, ನಗಬೇಡಿ, ನಾನೇ ಹಾಗೆ ಮಾಡಿದ್ದೇನೆ.

ಕೇಳಬಾರದ ಪೇಯಗಳ ಬಗ್ಗೆಯೂ ಹೇಳಬೇಕು. ಮಾರ್ಟಿನಿ, ನೆಗ್ರೋನಿ, ಮ್ಯಾನ್‌ಹಟನ್‌ಗಳಿಗೆ ವರ್ಮೂತ್ ಬೇಕು, ಮತ್ತು ವರ್ಮೂತ್ ಎಂದರೆ ಗಿಡಮೂಲಿಕೆ ಬೆರೆಸಿದ ವೈನ್. ಮುಚ್ಚಳ ತೆರೆದ ಮೇಲೆ ಅದನ್ನು ಫ್ರಿಜ್ಜಿನಲ್ಲಿಟ್ಟು ಒಂದೆರಡು ತಿಂಗಳೊಳಗೆ ಮುಗಿಸಬೇಕು. ತಿಂಗಳಿಗೆ ಎರಡು ಮಾರ್ಟಿನಿ ಮಾರಾಟವಾಗುವ ಬಾರಿನಲ್ಲಿ ಆ ಬಾಟಲಿಯು ಅಲಂಕಾರಕ್ಕೆಂದು ಬಿಸಿ ದೀಪದ ಕೆಳಗೆ ವರ್ಷಗಟ್ಟಲೆ ನಿಂತಿರುತ್ತದೆ. ಹುಳಿ ಬಂದ ಅಪ್ಪೆಹುಳಿಯನ್ನು ಯಾರೂ ಬಡಿಸುವುದಿಲ್ಲ, ಹಳಸಿದ ವರ್ಮೂತ್ ಮಾತ್ರ ರಾಜಾರೋಷವಾಗಿ ಗ್ಲಾಸಿಗೆ ಬೀಳುತ್ತದೆ. ಫ್ರಿಜ್ಜಿನಿಂದ ತೆಗೆದರೆ ಕುಡಿಯಿರಿ, ಕಪಾಟಿನಿಂದ ತೆಗೆದರೆ ಬೇಡ. ನೀಲಿ ಬಣ್ಣದ ಪೇಯಗಳಲ್ಲಿ ನಮ್ಮ ಕಡೆ ಸಾಮಾನ್ಯವಾಗಿ ಮದ್ಯವಿಲ್ಲದ ಬಣ್ಣದ ಸಿರಪ್ಪೇ ಇರುತ್ತದೆ, ಫೋಟೋಗೆ ಚಂದ. ಲಾಂಗ್ ಐಲ್ಯಾಂಡ್ ಐಸ್ಡ್ ಟೀ ಎಂಬುದರಲ್ಲಿ ಐದು ಬಗೆಯ ಮದ್ಯ ತಲಾ 15 ಮಿಲಿಲೀಟರ್ ಸೇರುತ್ತದೆ. ‘ಒಂದರಲ್ಲೇ ಏರುತ್ತದೆ’ ಎಂಬ ಕಾರಣಕ್ಕೆ ಅದನ್ನು ಕೇಳುವವರಿದ್ದಾರೆ, ಆದರೆ ಏರುವುದೇ ಉದ್ದೇಶವಾದರೆ ಕಾಕ್ಟೇಲಿನ ಗೋಜು ಏಕೆ ಬೇಕು?

ಇನ್ನು ನಿರಾಶೆ ಮಾಡದ ಪೇಯಗಳಲ್ಲಿ ನನ್ನ ಮೊದಲ ಆಯ್ಕೆ ಡಾರ್ಕ್ ರಮ್. 1954ರಿಂದ ಮಾರುಕಟ್ಟೆಯಲ್ಲಿರುವ ಓಲ್ಡ್ ಮಂಕ್ ಸಿಗದ ಬಾರು ನಮ್ಮ ಜಿಲ್ಲೆಯಲ್ಲಿ ಅಪರೂಪ, ಮತ್ತು ಅದರ ವೆನಿಲ್ಲಾ, ಸುಟ್ಟ ಸಕ್ಕರೆಯ ಘಮ ನಿಂಬೆ ಮತ್ತು ಶುಂಠಿಗಳೊಡನೆ ಬಹಳ ಚೆನ್ನಾಗಿ ಹೊಂದುತ್ತದೆ. ಶುಂಠಿಯೇ ಬೆಳೆಯುವ ನಾಡಿನಲ್ಲಿ ಬಾಟಲಿಯ ಜಿಂಜರ್ ಏಲಿಗೆ ಕಾಯಬೇಕಾಗಿಲ್ಲ. ಅಡುಗೆಮನೆಯಿಂದ ಹೆಬ್ಬೆರಳಿನಷ್ಟು ಹಸಿ ಶುಂಠಿ ಜಜ್ಜಿಸಿ ತರಿಸಿ, ನಿಂಬೆ ರಸ ಮತ್ತು ಪಾಕದ ಜೊತೆ ಕುಲುಕಿಸಿ, ಸೋಸಿ, ಮೇಲೆ ತಣ್ಣನೆಯ ಸೋಡಾ ಹಾಕಿಸಿಕೊಳ್ಳಿ. ಆಷಾಢದ ಜಡಿಮಳೆಯ ರಾತ್ರಿಗೆ ಇದಕ್ಕಿಂತ ಒಪ್ಪುವ ಗ್ಲಾಸು ನನಗೆ ಗೊತ್ತಿಲ್ಲ. ಎರಡನೆಯದು ಜಿನ್ ಮತ್ತು ಟಾನಿಕ್. ಒಂದು ಪಾಲು ಜಿನ್, ಎರಡೂವರೆ ಪಾಲು ಟಾನಿಕ್, ಗ್ಲಾಸು ತುಂಬ ಐಸ್. ಕೈತಪ್ಪಲು ಜಾಗವೇ ಇಲ್ಲ. ಟಾನಿಕ್ ಬಾಟಲಿ ತಣ್ಣಗಿರಬೇಕು ಮತ್ತು ನಿಮ್ಮೆದುರಿಗೇ ತೆರೆಯಬೇಕು, ಏಕೆಂದರೆ ಬರೀ ಸೋಡಾವನ್ನೇ ಟಾನಿಕ್ ಎಂದು ಕೊಟ್ಟ ಜಾಗಗಳೂ ಇವೆ. ಟಾನಿಕ್ಕಿನ ಕಹಿ ಕ್ವಿನೈನಿನದು. ಚಳಿಜ್ವರದಿಂದ ಬಳಲಿದ ಮಲೆನಾಡಿನ ಹಿರಿಯರು ಮುಖ ಕಿವುಚಿಕೊಂಡು ನುಂಗುತ್ತಿದ್ದ ಅದೇ ಮದ್ದನ್ನು ಸಕ್ಕರೆ, ಸೋಡಾಗಳೊಡನೆ ಬೆರೆಸಿ ಬಿಳಿಯರು ಸಂಜೆಯ ಪೇಯ ಮಾಡಿಕೊಂಡರು.

ನಮ್ಮ ನೆಲದ ಪದಾರ್ಥಗಳನ್ನು ಕಾಕ್ಟೇಲಿಗೆ ತರುವ ಉತ್ಸಾಹ ಈಗ ಎಲ್ಲ ಕಡೆ ಕಾಣುತ್ತದೆ. ಈ ಬಗ್ಗೆ ನನಗೆ ಸಂತೋಷವೂ ಇದೆ, ಸ್ವಲ್ಪ ಭಯವೂ ಇದೆ. ವೀಳ್ಯದೆಲೆಯನ್ನೂ ಗುಲ್ಕಂದನ್ನೂ ಏಲಕ್ಕಿಯನ್ನೂ ಒಂದೇ ಗ್ಲಾಸಿಗೆ ತುರುಕಿದರೆ ಅದು ಬೀಡಾ ಅಂಗಡಿಯಾಗುತ್ತದೆ. ಆದರೆ ಕೆಲವು ಪದಾರ್ಥಗಳು ನಿಜಕ್ಕೂ ಈ ಕೆಲಸಕ್ಕೆಂದೇ ಹುಟ್ಟಿದಂತಿವೆ. ಆಲೆಮನೆಯ ಜೋನಿ ಬೆಲ್ಲ ಆಗಲೇ ಪಾಕದ ರೂಪದಲ್ಲಿದೆ. ಒಂದಿಷ್ಟು ಬಿಸಿನೀರಿನಲ್ಲಿ ತೆಳ್ಳಗೆ ಮಾಡಿಕೊಂಡರೆ ರಮ್ಮಿಗೆ ಸಕ್ಕರೆಗಿಂತ ಹತ್ತು ಪಟ್ಟು ಚೆನ್ನಾಗಿ ಕೂಡುತ್ತದೆ, ಎರಡೂ ಕಬ್ಬಿನ ಮಕ್ಕಳೇ ಅಲ್ಲವೇ. ಒಣಗಿಸಿದ ಮುರುಗಲ (ಕೋಕಂ) ಸಿಪ್ಪೆಯನ್ನು ನೆನೆಸಿ ತೆಗೆದ ರಸಕ್ಕೆ ನಿಂಬೆಗಿಲ್ಲದ ಗಾಢ ಹುಳಿಯೂ ಮಾಣಿಕ್ಯದ ಬಣ್ಣವೂ ಇದೆ. ಅದರೊಡನೆ ಜಿನ್ ಮತ್ತು ಒಂದು ಚಿಟಿಕೆ ಉಪ್ಪು ಸಾಕು. ಸಾಗರ ರಸ್ತೆಯ ಕಡೆಯ ಒಂದು ಹೋಟೆಲಿನ ಬಾರ್‌ಟೆಂಡರನಿಗೆ ನಾನೊಮ್ಮೆ ಮನೆಯ ಮುರುಗಲ ಸಿರಪ್ಪಿನ ಚಿಕ್ಕ ಬಾಟಲಿ ಒಯ್ದು ಕೊಟ್ಟಿದ್ದೆ. ಆ ಹುಡುಗ ಹೊಸನಗರದ ಕಡೆಯವನು. ಮೂಸಿ ನೋಡಿ, ‘ಇದನ್ನ ಇಲ್ಲಿ ಹಾಕಬಹುದು ಅಂತ ಯಾರೂ ಹೇಳಿಕೊಡಲಿಲ್ಲ ಸಾರ್’ ಎಂದ. ಮುಂದಿನ ಸಲ ಹೋದಾಗ ಅವನೇ ಊರಿನಿಂದ ತರಿಸಿಟ್ಟಿದ್ದ. ಅಪ್ಪೆಮಿಡಿ ಉಪ್ಪಿನಕಾಯಿಯ ಖಾರ ಸೇರಿಸದ ಉಪ್ಪುನೀರನ್ನು ಒಂದು ಚಮಚದಷ್ಟು ತಣ್ಣನೆಯ ಜಿನ್ನಿಗೆ ಹಾಕಿ ನೋಡಿದ್ದೇನೆ. ಆಲಿವ್ ಕಾಯಿಯ ಉಪ್ಪುನೀರು ಹಾಕುವ ಮಾರ್ಟಿನಿಯವರು ಅದರ ಸೊನೆಯ ಘಮವನ್ನು ಒಮ್ಮೆ ಕಂಡರೆ ಆಲಿವ್ ಮರೆಯುತ್ತಾರೆಂಬುದು ನನ್ನ ಪಕ್ಷಪಾತದ ಅಭಿಪ್ರಾಯ.

ಎಲ್ಲಿಗೆ ಹೋಗಬೇಕೆಂಬುದಕ್ಕೆ ಹೆಸರು ಹೇಳುವುದಿಲ್ಲ, ಏಕೆಂದರೆ ಬಾರಿನ ಗುಣ ಬಾರ್‌ಟೆಂಡರನ ಜೊತೆ ಊರು ಬಿಟ್ಟುಹೋಗುತ್ತದೆ. ಲಾಡ್ಜಿಂಗ್ ಇರುವ ಹೋಟೆಲುಗಳಿಗೆ ಸಿ.ಎಲ್.-7 ಪರವಾನಗಿ, ಬಾರ್ ಅಂಡ್ ರೆಸ್ಟೋರೆಂಟುಗಳಿಗೆ ಸಿ.ಎಲ್.-9. ಎರಡರಲ್ಲಿ ಮೊದಲನೆಯ ಬಗೆಯ ಕಡೆ ಪರಊರಿನ ಅತಿಥಿಗಳ ಓಡಾಟವಿರುವುದರಿಂದ ಶೇಕರ್, ಟಾನಿಕ್, ತಾಜಾ ನಿಂಬೆಗಳು ಸಿಗುವ ಸಂಭವ ಹೆಚ್ಚು. ವಾರದ ನಡುವೆ, ಸಂಜೆ ಏಳರ ಸುಮಾರಿಗೆ ಹೋಗಿ. ಕೌಂಟರಿನ ಹತ್ತಿರದ ಟೇಬಲ್ ಹಿಡಿದು, ಸಪ್ಲೈಯರ್ ಮೂಲಕ ಹೇಳಿ ಕಳುಹಿಸುವ ಬದಲು ಬಾರ್‌ಟೆಂಡರನನ್ನೇ ಮಾತಾಡಿಸಿ. ‘ಈ ದಿನ ನಿಂಬೆಹಣ್ಣು ಇದೆಯಾ, ನಿಮಗೆ ಯಾವುದು ಮಾಡುವುದಕ್ಕೆ ಇಷ್ಟ?’ ಎಂಬ ಎರಡು ಮಾತು ಸಾಕು. ಪೆಗ್ ಸುರಿದು ಸುರಿದು ಬೇಸತ್ತವನಿಗೆ ಅದು ಮರ್ಯಾದೆಯ ಮಾತು. ಅವನ ಕೈ ಬೇರೆಯೇ ರೀತಿ ಕೆಲಸ ಮಾಡುತ್ತದೆ. ಒಂದು ಚಿಕ್ಕ ಪರೀಕ್ಷೆಯೂ ಇದೆ: ಹಣ್ಣಿನ ರಸವಿರುವ ಪೇಯವನ್ನು ಕುಲುಕಬೇಕು, ಬರೀ ಮದ್ಯಗಳಿರುವುದನ್ನು ಚಮಚದಿಂದ ಕಲಕಬೇಕು. ಕುಲುಕು, ಕಲಕುಗಳ ವ್ಯತ್ಯಾಸ ತಿಳಿದವನು ಸಿಕ್ಕರೆ ಆ ಬಾರನ್ನು ಬಿಡಬೇಡಿ.

ಒಂದು ರಾತ್ರಿಗೆ ಎರಡು ಗ್ಲಾಸು ಸಾಕು, ಮತ್ತು ಇದು ಉಪದೇಶವಲ್ಲ, ಲೆಕ್ಕ. ನಮ್ಮಲ್ಲಿ ಮಾರುವ ಹೆಚ್ಚಿನ ರಮ್, ಜಿನ್, ವಿಸ್ಕಿಗಳಲ್ಲಿ ಶೇ. 42.8ರಷ್ಟು ಆಲ್ಕೋಹಾಲ್ ಇರುತ್ತದೆ. 60 ಮಿಲಿಲೀಟರ್ ಹಾಕಿದ ಒಂದು ಕಾಕ್ಟೇಲಿನಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್ ಸೇರಿತೆಂದಾಯಿತು. ದೇಹವು ಅದನ್ನು ಗಂಟೆಗೆ ಸುಮಾರು 7ರಿಂದ 8 ಗ್ರಾಂಗಳಷ್ಟೇ ಕರಗಿಸುತ್ತದೆ. ಹುಳಿ ಸಿಹಿಗಳ ಮರೆಯಲ್ಲಿ ಮದ್ಯದ ಉರಿ ತಿಳಿಯದ ಕಾರಣ ಕಾಕ್ಟೇಲ್ ಬೇಗ ಖಾಲಿಯಾಗುತ್ತದೆ, ಮೂರನೆಯದರ ಹೊತ್ತಿಗೆ ನಾಲಿಗೆಗೆ ರುಚಿಯೂ ತಿಳಿಯುವುದಿಲ್ಲ. ಬಯಸಿದರೆ 30ರ ಅಳತೆಯಲ್ಲೇ ಮಾಡಿಸಿಕೊಳ್ಳಿ; ನಿಂಬೆ, ಪಾಕಗಳನ್ನೂ ಅರ್ಧ ಮಾಡಿದರೆ ಹದ ಕೆಡುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಬೇಡ. ಚಿಲ್ಲಿ ಚಿಕನ್ನಿನಂಥ ಬೆಂಕಿ ಖಾರವು ನವಿರಾದ ಪೇಯವನ್ನು ನುಂಗಿಹಾಕುತ್ತದೆ. ಹುರಿದ ಮೀನು, ಕಡಲೆಬೀಜದ ಮಸಾಲೆ ಹುಳಿಯ ಪೇಯಕ್ಕೆ ಒಳ್ಳೆಯ ಜೊತೆ.

ನಿಮ್ಮ ಯಜಮಾನರು ಕಾರು ಓಡಿಸುತ್ತಾರೆಂಬುದು ನಿಮ್ಮ ಪತ್ರದ ಅತ್ಯಂತ ನೆಮ್ಮದಿಯ ಸಾಲು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ಮೀರಿದರೆ ವಾಹನ ಓಡಿಸುವುದು ಅಪರಾಧ, ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮೇಲೆ ಹೇಳಿದ 60ರ ಒಂದು ಗ್ಲಾಸೇ ಹೆಚ್ಚಿನವರನ್ನು ಆ ಗೆರೆ ದಾಟಿಸಿಬಿಡುತ್ತದೆ. ಅವರು ಬಾರದ ರಾತ್ರಿಗಳಲ್ಲಿ ಆಟೊ ಹಿಡಿಯಿರಿ.

ಅವರ ಗ್ಲಾಸಿನ ವಿಷಯಕ್ಕೆ ಬಂದರೆ, ಬಾಟಲಿಯ ತಂಪು ಪಾನೀಯ ತರಿಸಿ ಕೂರಿಸಬೇಡಿ. ಹುಳಿ, ಸಿಹಿ, ನೀರಿನ ಹದ ಮದ್ಯವಿಲ್ಲದೆಯೂ ಪೂರ್ತಿ ನಿಲ್ಲುತ್ತದೆ. 25 ಮಿಲಿಲೀಟರ್ ನಿಂಬೆ ರಸ, ಅಷ್ಟೇ ಪಾಕ, ಜಜ್ಜಿದ ಶುಂಠಿ, ಎರಡು ಕಾಳುಮೆಣಸಿನ ಪುಡಿ, ಒಂದು ಚಿಟಿಕೆ ಉಪ್ಪು ಹಾಕಿ ಅದೇ ಶೇಕರಿನಲ್ಲಿ, ಅಷ್ಟೇ ಐಸಿನೊಂದಿಗೆ ಕುಲುಕಿಸಿ, ಅದೇ ಬಗೆಯ ಗ್ಲಾಸಿಗೆ ಸೋಸಿ, ಮೇಲೆ ಸೋಡಾ ಹಾಕಿಸಿ. ಮದ್ಯದ ಉರಿಯ ಜಾಗವನ್ನು ಶುಂಠಿ ಮತ್ತು ಮೆಣಸು ಹಿಡಿದುಕೊಳ್ಳುತ್ತವೆ, ಸಿಹಿ ಗಂಟಲಿಗೆ ಅಂಟುವುದಿಲ್ಲ. ಒಂದೇ ಒಂದು ಎಚ್ಚರ: ನಿಮ್ಮ ಪೇಯ ಮಾಡಿದ ಶೇಕರನ್ನು ತೊಳೆದ ಮೇಲೆ ಅವರದನ್ನು ಮಾಡುವಂತೆ ಹೇಳಿ, ಅಥವಾ ಅವರದನ್ನೇ ಮೊದಲು ಮಾಡಿಸಿ.